ಕಾಡಿನ ದ್ವೀಪಗಳು, ತೋಟದ ಕಡಲು

ದ್ವೀಪವೆಂದರೆ ನಾಲ್ಕು ಕಡೆಯೂ ನೀರಿರುವ ನೆಲವೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ಕಾಡುಪ್ರಾಣಿಗಳ ಲೆಕ್ಕವೇ ಬೇರೆ. ಮರದಿಂದ ಮರಕ್ಕೆ ನೆಗೆದು ಬದುಕುವ ಪ್ರಾಣಿಗೆ ಬೋಳು ಬಯಲೂ ಕಡಲೇ, ಅಗಲವಾದ ರಸ್ತೆಯೂ ಕಡಲೇ. ದೇವನಹಳ್ಳಿ ತಾಲ್ಲೂಕಿನ ನಮ್ಮ ನಲ್ಲೂರಿನ ಹುಣಸೆ ತೋಪನ್ನು ನೋಡಿದವರಿಗೆ ಈ ಮಾತು ಬೇಗ ಅರ್ಥವಾದೀತು. 54 ಎಕರೆಯ ಆ ತೋಪನ್ನು 2007ರಲ್ಲಿ ದೇಶದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ನಡುವೆ ಸುಮಾರು 300 ಹಳೆಯ ಹುಣಸೆ ಮರಗಳು, ಸುತ್ತ ಹೊಲ, ಊರು, ರಸ್ತೆ. ಬಯಲುಸೀಮೆಯಲ್ಲಿ ಅದೊಂದು ಮರಗಳ ದ್ವೀಪ.

ಮಲೆನಾಡು ಮತ್ತು ಕೊಡಗಿನ ತೋಟಗಳ ನಡುವೆ ಉಳಿದಿರುವ ಮಳೆಕಾಡಿನ ತುಣುಕುಗಳೂ ಇಂತಹ ದ್ವೀಪಗಳೇ. ಅಲ್ಲಿರುವ ಸಸ್ತನಿಗಳು, ಅಂದರೆ ಮರಿಗೆ ಹಾಲೂಡಿಸುವ ಪ್ರಾಣಿಗಳು, ಉಳಿಯುವುದೋ ಅಳಿಯುವುದೋ ಎಂಬುದು ಬಹುಮಟ್ಟಿಗೆ ಸುತ್ತಲಿನ ಬೆಳೆಗಾರನ ಕೈಯಲ್ಲಿದೆ. ಇದು ಹೇಗೆಂಬುದನ್ನು ಹೊರದೇಶದ ಎರಡು ನಿದರ್ಶನಗಳಿಂದ ತಿಳಿಯಬಹುದು.

ಲುಜಾನಿನ ಸಂಪತ್ತು

ಫಿಲಿಪೈನ್ಸ್ ದೇಶದ ಲುಜಾನ್ ಸುಮಾರು ಒಂದು ಲಕ್ಷ ಚದರ ಕಿಲೋಮೀಟರು ವಿಸ್ತಾರದ ದ್ವೀಪ. ಕರ್ನಾಟಕದ ಅರ್ಧಕ್ಕಿಂತ ತುಸು ದೊಡ್ಡದು. ಅದು ಎಂದೂ ಖಂಡಕ್ಕೆ ಕೂಡಿಕೊಂಡಿರಲಿಲ್ಲ. ಶಿಕಾಗೋದ ಫೀಲ್ಡ್ ಮ್ಯೂಸಿಯಂನ ಲಾರೆನ್ಸ್ ಹೀನಿ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ 2000ದಿಂದ ಅಲ್ಲಿನ ಬೆಟ್ಟಬೆಟ್ಟವನ್ನೂ ಶೋಧಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಾವಲಿಗಳನ್ನು ಬಿಟ್ಟು ಅಲ್ಲಿನ ದೇಶೀ ಸಸ್ತನಿಗಳು 56 ಬಗೆ. ಅವುಗಳಲ್ಲಿ 52 ಜಗತ್ತಿನ ಬೇರೆಲ್ಲೂ ಇಲ್ಲ! 28 ಬಗೆಗಳಂತೂ ಈ ಶೋಧನೆಯಲ್ಲೇ ಮೊದಲ ಬಾರಿಗೆ ಬೆಳಕಿಗೆ ಬಂದವು.

ಇವು ಆನೆಯೂ ಅಲ್ಲ, ಹುಲಿಯೂ ಅಲ್ಲ. ಹೆಚ್ಚಿನವು ಇಲಿಯ ಬಳಗದವು. ಮರದ ಮೇಲೆ ಎಲೆ ತಿಂದು ಬದುಕುವ, ಎರಡು ಕಿಲೋಗೂ ಮೀರಿ ತೂಗುವ ಇಲಿ ಒಂದಾದರೆ, ಉದ್ದ ಮೂತಿಯಿಂದ ಎರೆಹುಳು ಹುಡುಕಿ ತಿನ್ನುವ ಇಲಿ ಇನ್ನೊಂದು. ಹಿಂದೆ ಯಾವಾಗಲೋ ಕಡಲು ದಾಟಿ ಬಂದ ಕೆಲವೇ ಪ್ರಾಣಿಗಳ ಸಂತತಿ ಒಂದೊಂದು ಪರ್ವತದಲ್ಲಿ ಬೇರೆಬೇರೆಯಾಗಿ ನಿಂತು, ಲಕ್ಷಾಂತರ ವರ್ಷಗಳಲ್ಲಿ ಬೇರೆಬೇರೆ ಜಾತಿಯಾಯಿತು. ಬೇರ್ಪಟ್ಟು ನಿಂತದ್ದೇ ಅಲ್ಲಿ ಸಂಪತ್ತಿಗೆ ಕಾರಣ.

ನಮ್ಮ ಪಶ್ಚಿಮ ಘಟ್ಟಕ್ಕೂ ಇಂತಹ ಸಂಪತ್ತುಂಟು. ಸಿಂಹಬಾಲದ ಸಿಂಗಳೀಕ, ಕಂದು ಪುನುಗು ಬೆಕ್ಕು, ಪೊಟರೆಯಲ್ಲಿ ವಾಸಿಸುವ ಮುಳ್ಳುಗೂದಲಿನ ಮರ ಇಲಿ, ಇವು ಮೂರೂ ಈ ಘಟ್ಟಸಾಲು ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ.

ಇಪ್ಪತ್ತೈದು ವರ್ಷದಲ್ಲಿ ಬರಿದು

ಹಾಗಾದರೆ ಕಾಡು ತುಂಡಾದರೆ ಒಳ್ಳೆಯದೇ ಆಯಿತಲ್ಲ ಎಂದು ಯಾರಾದರೂ ಕೇಳಬಹುದು. ಉತ್ತರ ಥಾಯ್ಲೆಂಡಿನಲ್ಲಿದೆ. ಅಲ್ಲಿ 1986–87ರಲ್ಲಿ ಅಣೆಕಟ್ಟೊಂದರ ನೀರು ಏರಿ ಮಳೆಕಾಡು ಮುಳುಗಿತು. ಗುಡ್ಡದ ನೆತ್ತಿಗಳು ನೂರಕ್ಕೂ ಹೆಚ್ಚು ದ್ವೀಪಗಳಾಗಿ ಉಳಿದವು. ಅದೇ ಚ್ಯಾವ್ ಲಾನ್ ಜಲಾಶಯ. ಅಲ್ಲಿನ ಚಿಕ್ಕ ಸಸ್ತನಿಗಳನ್ನು ವಿಜ್ಞಾನಿಗಳು ಮೊದಲ ಕೆಲವು ವರ್ಷಗಳಲ್ಲೂ, ಮತ್ತೆ ಸುಮಾರು 25 ವರ್ಷಗಳ ನಂತರವೂ ಎಣಿಸಿ, 2013ರಲ್ಲಿ ವರದಿ ಮಾಡಿದರು. 10 ಹೆಕ್ಟೇರಿಗಿಂತ ಕಿರಿದಾದ ದ್ವೀಪಗಳು ಮೊದಲ ಎಣಿಕೆಯ ಹೊತ್ತಿಗೇ ಬಹುಪಾಲು ಬರಿದಾಗಿದ್ದವು. ಎರಡನೆಯ ಎಣಿಕೆಯ ವೇಳೆಗೆ 50 ಹೆಕ್ಟೇರು ದಾಟಿದ ದ್ವೀಪಗಳದೂ ಅದೇ ಗತಿ. ಕಾಡಿನ ಇಲಿ, ಅಳಿಲುಗಳು ಹೋಗಿ, ಹೊಲಮನೆಗಳ ಬಳಿ ಬದುಕುವ ಒಂದೇ ಜಾತಿಯ ಇಲಿ ಎಲ್ಲೆಡೆ ತುಂಬಿಕೊಂಡಿತ್ತು.

ಲುಜಾನಿನಲ್ಲಿ ಜಾಗ ದೊಡ್ಡದು, ಕಾಲವೂ ದೀರ್ಘ. ಥಾಯ್ಲೆಂಡಿನ ದ್ವೀಪಗಳಲ್ಲಿ ಎರಡೂ ಇರಲಿಲ್ಲ. ಕೆಲವೇ ಎಕರೆಯಲ್ಲಿ ಸಿಕ್ಕಿಬಿದ್ದ ಪ್ರಾಣಿಗೆ ಜೊತೆ ಸಿಗದು, ಒಂದು ವರ್ಷ ಹಣ್ಣು ಬಿಡದಿದ್ದರೆ ಬೇರೆಡೆ ಹೋಗಲು ದಾರಿಯಿರದು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಬಹುಪಾಲು ಕೆಲವೇ ಎಕರೆಯವು. ಹಿರಿಯರು ದೇವರ ಹೆಸರಿನಲ್ಲಿ ಉಳಿಸಿಕೊಟ್ಟ ಆ ಕಾಡುಗಳು ಅಳತೆಯಲ್ಲಿ ಥಾಯ್ಲೆಂಡಿನ ಕಿರಿಯ ದ್ವೀಪಗಳಂತೆಯೇ ಇವೆ.

ತೋಟ ಕಡಲಾಗಬೇಕೋ, ಸೇತುವೆಯೋ

ಆದರೆ ಒಂದು ದೊಡ್ಡ ವ್ಯತ್ಯಾಸವುಂಟು. ಅಲ್ಲಿ ಸುತ್ತ ಇದ್ದದ್ದು ನೀರು. ಇಲ್ಲಿ ಇರುವುದು ನಮ್ಮ ಕಾಫಿ, ಅಡಿಕೆ ತೋಟ ಮತ್ತು ಸೊಪ್ಪಿನ ಬೆಟ್ಟ. ಭದ್ರಾ ಅಭಯಾರಣ್ಯದ ಸುತ್ತಲಿನ ಕಾಫಿ ತೋಟಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವು, ಕಾಡುಮರಗಳ ನೆರಳಿರುವ ತೋಟವನ್ನು ಬಹಳಷ್ಟು ಬಗೆಯ ಸಸ್ತನಿಗಳು ಬಳಸುತ್ತವೆಂದು ತೋರಿಸಿತು. ತಮಿಳುನಾಡಿನ ವಾಲ್ಪಾರೈ ಬಳಿ, ರಸ್ತೆಯ ಮೇಲೆ ಮರದಿಂದ ಮರಕ್ಕೆ ಕಟ್ಟಿದ ತೂಗುಸೇತುವೆಗಳ ಮೇಲೆ ಸಿಂಗಳೀಕಗಳು ದಾಟುತ್ತಿವೆ. ಅಡಿಕೆ ಸೀಮೆಯಾದ ಉತ್ತರ ಕನ್ನಡದಲ್ಲಿ ಸಿಂಗಳೀಕಕ್ಕೆಂದೇ 2011ರಲ್ಲಿ ಅಘನಾಶಿನಿ ಸಂರಕ್ಷಣಾ ಮೀಸಲು ರಚನೆಯಾಯಿತು. 2019ರಲ್ಲಿ ಅದು ಶರಾವತಿ ಕಣಿವೆಯ ಅಭಯಾರಣ್ಯದಲ್ಲಿ ಸೇರಿತು. ಅಲ್ಲಿನ ಜನ ಕೊಯ್ಯುವ ಉಪ್ಪಾಗೆ ಕಾಯಿ ಸಿಂಗಳೀಕಕ್ಕೂ ಆಹಾರ.

ಕಷ್ಟ ನಮಗೂ ಇದೆ. ಮಂಗ ಎಳೆ ಅಡಿಕೆ ಕಿತ್ತೆಸೆಯುತ್ತದೆ, ಕಾಡುಹಂದಿ ಬುಡ ಬಗೆಯುತ್ತದೆ, ಆನೆ ಬಂದರೆ ಒಂದು ರಾತ್ರಿಯಲ್ಲಿ ವರ್ಷದ ದುಡಿಮೆ ನೆಲಕಚ್ಚುತ್ತದೆ. ಇದಕ್ಕೆ ನ್ಯಾಯವಾದ ಪರಿಹಾರ ಕೇಳುವುದು ನಮ್ಮ ಹಕ್ಕು. ಆದರೆ ಪುನುಗು, ಕೆಂದಳಿಲು, ಹಾರುಬೆಕ್ಕು, ಕಾಡುಪಾಪಗಳನ್ನು ಆ ಪಟ್ಟಿಗೆ ಸೇರಿಸುವುದು ಸರಿಯಲ್ಲ. ಪುನುಗು ನಾಲ್ಕು ಕಾಫಿ ಹಣ್ಣು ತಿಂದರೂ, ಕಾಡುಮರಗಳ ಬೀಜವನ್ನು ಹಿಕ್ಕೆಯಲ್ಲಿ ಹೊತ್ತು ಬಿತ್ತುವ ಕೂಲಿಯಿಲ್ಲದ ಆಳು ಅದು.

ಸಣ್ಣ ಬೆಳೆಗಾರ ಹಣ ಖರ್ಚಿಲ್ಲದೆ ಮಾಡಬಹುದಾದದ್ದು ಇಷ್ಟು:

ಮರಗಸಿ ಮಾಡಿಸುವಾಗ ಕಾಡಿನ ಕಡೆಯಿಂದ ಪಕ್ಕದ ತೋಟದವರೆಗೆ ಒಂದು ಸಾಲಿನಲ್ಲಾದರೂ ಕೊಂಬೆಗೆ ಕೊಂಬೆ ತಾಗುವಂತೆ ಬಿಡುವುದು.

ಅತ್ತಿ, ಬಸರಿ, ಗೋಣಿ, ನೇರಳೆ, ಹಲಸು ಮತ್ತು ಪೊಟರೆಯಿರುವ ಹಳೆಯ ಮರಗಳನ್ನು ಕಡಿಯದಿರುವುದು.

ಬೇಗ ಬೆಳೆಯುತ್ತದೆ, ಮಾರಾಟ ಸುಲಭ ಎಂದು ತೋಟವೆಲ್ಲ ಸಿಲ್ವರ್ ಓಕ್ ಮಾಡದೆ, ನಡುನಡುವೆ ಕಾಡುಜಾತಿಯ ಸಸಿ ನೆಡುವುದು.

ಹಳ್ಳದ ಎರಡೂ ದಡದ ಮರಗಳನ್ನು ಮುಟ್ಟದಿರುವುದು.

ಉರುಳು ಹಾಕಲು ಯಾರಿಗೂ ಅವಕಾಶ ಕೊಡದಿರುವುದು. ಹಂದಿಗೆಂದು ಇಟ್ಟ ಉರುಳಿಗೆ ಯಾವ ಪ್ರಾಣಿ ಬೀಳುವುದೆಂದು ಹೇಳಬರುವುದಿಲ್ಲ.

ಒಬ್ಬರ ಎರಡು ಎಕರೆಯಿಂದ ದಾರಿಯಾಗದು. ಸಾಲಾಗಿರುವ ಹತ್ತು ಮಂದಿ ಒಂದೇ ನಿರ್ಧಾರಕ್ಕೆ ಬಂದರೆ ಎರಡು ಕಾಡುಗಳ ನಡುವೆ ಸೇತುವೆಯೇ ಆಗುತ್ತದೆ. ಸಹಕಾರವೆಂಬುದರ ಅರ್ಥವೂ ಇದೇ ಅಲ್ಲವೇ? ಸದಸ್ಯರು ತಮ್ಮ ತೋಟದಲ್ಲಿ ಕಂಡ ಸಸ್ತನಿಗಳ ಹೆಸರನ್ನು ತಮ್ಮ ಊರಿನ ಆಡುಮಾತಿನಲ್ಲೇ ಬರೆದು, ಕಂಡ ತಿಂಗಳು ಮತ್ತು ಮರವನ್ನೂ ನಮೂದಿಸಿ ಸಂಘದ ಕಚೇರಿಗೆ ಕಳುಹಿಸಿಕೊಡಬೇಕೆಂದು ಕೋರುತ್ತೇನೆ. ಮುಂದಿನ ಮರಗಸಿಗೆ ಮೊದಲೇ ಆ ಪಟ್ಟಿ ಎಲ್ಲರ ಕೈಸೇರಿದರೆ ಯಾವ ಮರ ಬಿಡಬೇಕೆಂಬುದು ತಾನಾಗಿ ತಿಳಿಯುತ್ತದೆ.