ಮೇಲೆ ಒಂದೇ ಹೊಟ್ಟು, ಒಳಗೆ ಹತ್ತು ಕಥೆ!

ನಾಲ್ಕು ಮಿಲಿಮೀಟರ್ ಅಗಲದ ಚರ್ಮದ ಚೂರು. ಅಂಗೈ ಮೇಲಿಟ್ಟರೆ ಇದೆಯೋ ಇಲ್ಲವೋ ಎಂದು ಹುಡುಕಬೇಕು. ಅದೇ ಚೂರು ಮೈಕ್ರೋಸ್ಕೋಪಿನ ಕೆಳಗೆ ಬಂದಾಗ ತೆರೆದುಕೊಳ್ಳುವ ಲೋಕವಿದೆಯಲ್ಲ, ಅದನ್ನು ಒಮ್ಮೆ ನೋಡಿದವರು ತಮ್ಮ ಚರ್ಮವನ್ನು ಮತ್ತೆ ಮೊದಲಿನ ಹಾಗೆ ನೋಡಲಾರರು!

ದೊಡ್ಡಾಸ್ಪತ್ರೆಯ ಚರ್ಮರೋಗ ವಿಭಾಗದ ಮುಂದಿನ ಬೆಂಚಿನಲ್ಲಿ ಐದು ಜನ ಕೂತಿದ್ದಾರೆ ಎಂದುಕೊಳ್ಳಿ. ಐವರ ಮೈಮೇಲೂ ಕೆಂಪಗೆ ದಡಿಕಟ್ಟಿದ ಮಚ್ಚೆ, ಮಚ್ಚೆಯ ಮೇಲೆ ಉದುರುವ ಹೊಟ್ಟು. ಆದರೆ ಒಬ್ಬರದು ವರ್ಷಗಟ್ಟಲೆ ಬಂದು ಹೋಗುವ ಸೋರಿಯಾಸಿಸ್. ಇನ್ನೊಬ್ಬರದು ಲೈಕನ್ ಪ್ಲಾನಸ್. ಮೂರನೆಯವರದು ತಾನಾಗಿಯೇ ಮಾಯುವ ಪಿಟಿರಿಯಾಸಿಸ್ ರೋಸಿಯಾ. ನಾಲ್ಕನೆಯವರದು ಬರೀ ಹುಳುಕಡ್ಡಿ. ಐದನೆಯವರದು ಚರ್ಮಕ್ಕೆ ಬಂದ ಕ್ಯಾನ್ಸರ್! ನುರಿತ ವೈದ್ಯರು ಎಷ್ಟೋ ಸಲ ಕಣ್ಣಲ್ಲೇ ಗುರುತು ಹಿಡಿಯುತ್ತಾರೆ. ಅವರಿಗೂ ಅನುಮಾನ ಬಂದಾಗ ಚರ್ಮವನ್ನೇ ಕೇಳಬೇಕು. ಆ ಕೇಳುವಿಕೆಯೇ ಬಯಾಪ್ಸಿ.

ಮರಗಟ್ಟಿಸುವ ಒಂದು ಚುಚ್ಚುಮದ್ದು, ಆಮೇಲೆ ದುಂಡಗಿನ ಅಲಗಿನ ‘ಪಂಚ್’ ಎಂಬ ಪುಟ್ಟ ಸಾಧನವನ್ನು ಒತ್ತಿ ತಿರುಗಿಸಿದರೆ ಚೂರು ಕೈಗೆ ಬಂತು. ನ್ಯೂಯಾರ್ಕಿನ ವೈದ್ಯ ಎಡ್ವರ್ಡ್ ಕೀಸ್ 1887ರಲ್ಲಿ ವಿವರಿಸಿದ ಈ ಉಪಕರಣದ ರೂಪ ಇಂದಿಗೂ ಹೆಚ್ಚು ಬದಲಾಗಿಲ್ಲ. ಚೂರು ಫಾರ್ಮಲಿನ್‌ನಲ್ಲಿ ಮುಳುಗುತ್ತದೆ, ಮೇಣದ ಅಚ್ಚಿನಲ್ಲಿ ಕೂರುತ್ತದೆ, ಮೈಕ್ರೋಟೋಮ್ ಯಂತ್ರದಲ್ಲಿ ನಾಲ್ಕೈದು ಮೈಕ್ರಾನ್ ದಪ್ಪದ ಎಸಳುಗಳಾಗುತ್ತದೆ. ಮಿಲಿಮೀಟರಿನ ಇನ್ನೂರನೇ ಒಂದು ಭಾಗ! ಇಷ್ಟು ತೆಳುವಾದದ್ದಕ್ಕೆ ಬಣ್ಣವೇ ಇರುವುದಿಲ್ಲ. ಬಣ್ಣ ಕೊಡುವುದು ಯಾವುದು ಗೊತ್ತೇ? ಒಂದು ಮರ! ಮಧ್ಯ ಅಮೆರಿಕದ ಲಾಗ್‌ವುಡ್ ಮರದ ಕೆಚ್ಚಿನಿಂದ ಬರುವ ಹೆಮಟಾಕ್ಸಿಲಿನ್, ಜೀವಕೋಶಗಳ ನ್ಯೂಕ್ಲಿಯಸ್ಸನ್ನು ನೇರಳೆ ನೀಲಿಗೆ ತಿರುಗಿಸುತ್ತದೆ. ಇಯೋಸಿನ್ ಎಂಬ ಕೃತಕ ಬಣ್ಣ ಉಳಿದದ್ದನ್ನು ಗುಲಾಬಿಯಾಗಿಸುತ್ತದೆ. ಮಂಗಳೂರಾಗಲಿ ಕಲಬುರಗಿಯಾಗಲಿ, ಪೆಥಾಲಜಿ ಲ್ಯಾಬಿನಲ್ಲಿ ಮೊದಲು ಬಳಿಯುವುದು ಇವೇ ಎರಡು ಬಣ್ಣ.

ಈಗ ಆ ಎಸಳು ಅಂಟಿಸಿದ ಗಾಜಿನ ಸ್ಲೈಡಿನೊಳಗೆ ಇಳಿಯೋಣ!

ಮೊದಲು ಸೋರಿಯಾಸಿಸ್. ಆರೋಗ್ಯವಂತ ಹೊರಚರ್ಮದ ತಳದಲ್ಲಿ ಹುಟ್ಟಿದ ಕೋಶ ಮೇಲೇರುತ್ತ ಚಪ್ಪಟೆಯಾಗಿ, ನ್ಯೂಕ್ಲಿಯಸ್ ಕಳೆದುಕೊಂಡು, ಕೊನೆಗೆ ಉದುರಿಹೋಗಲು ಸುಮಾರು ನಾಲ್ಕು ವಾರ ಬೇಕು. ಸೋರಿಯಾಸಿಸ್‌ನಲ್ಲಿ ಈ ಪಯಣ ಮೂರರಿಂದ ಐದು ದಿನದಲ್ಲೇ ಮುಗಿಯುತ್ತದೆ! ಆ ಧಾವಂತದಲ್ಲಿ ನ್ಯೂಕ್ಲಿಯಸ್ ಕಳಚಲೂ ಕೋಶಕ್ಕೆ ಪುರುಸೊತ್ತಿಲ್ಲ. ಹಾಗಾಗಿ ಬರೀ ಗುಲಾಬಿಯಾಗಿರಬೇಕಿದ್ದ ಮೇಲ್ಪದರದಲ್ಲಿ ನೀಲಿ ಚುಕ್ಕೆಗಳ ಸಾಲು. ಪೆಥಾಲಜಿಸ್ಟರ ಮಾತಿನಲ್ಲಿ ಇದು ಪ್ಯಾರಾಕೆರಟೋಸಿಸ್. ನಮ್ಮ ಕಣ್ಣಿಗೆ ಕಾಣುವ ಬೆಳ್ಳಿ ಬಣ್ಣದ ಹೊಟ್ಟು ಇದೇ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಅಷ್ಟೆತ್ತರಕ್ಕೆ ಏರಿ ಅಲ್ಲಲ್ಲಿ ಗುಂಪುಗೂಡುತ್ತವೆ. ಆಸ್ಟ್ರೇಲಿಯಾದ ವೈದ್ಯ ಮುನ್ರೋ 1898ರಲ್ಲಿ ವಿವರಿಸಿದ ಈ ಗುಂಪುಗಳಿಗೆ ಇಂದಿಗೂ ಅವನದೇ ಹೆಸರು.

ಹೊಟ್ಟನ್ನು ಕೆರೆದರೆ ಸೂಜಿಮೊನೆಯಷ್ಟು ರಕ್ತದ ಹನಿಗಳು ಜಿನುಗುತ್ತವಲ್ಲ, ವಿಯೆನ್ನಾದ ಆಸ್ಪಿಟ್ಜ್ ಹೆಸರಿನ ಲಕ್ಷಣವದು. ಅದರ ಗುಟ್ಟೂ ಇದೇ ಸ್ಲೈಡಿನಲ್ಲಿದೆ. ಹಿಗ್ಗಿದ, ಸುರುಳಿಗೊಂಡ ರಕ್ತನಾಳಗಳು ಮೇಲಕ್ಕೆ ಚಾಚಿ ನಿಂತಿವೆ. ಅವುಗಳ ನೆತ್ತಿಯ ಮೇಲೆ ಹೊರಚರ್ಮದ ಎರಡು ಮೂರು ಸಾಲು ಕೋಶಗಳಷ್ಟೇ ಉಳಿದಿವೆ. ಉಗುರು ತಾಗಿದರೆ ಸಾಕು!

ಈ ಕಾಯಿಲೆಯನ್ನು ಶತಮಾನಗಳ ಕಾಲ ಕುಷ್ಠದೊಂದಿಗೆ ಗೊಂದಲ ಮಾಡಿಕೊಂಡಿದ್ದರು. 1841ರಲ್ಲಿ ವಿಯೆನ್ನಾದ ಫರ್ಡಿನಾಂಡ್ ಫಾನ್ ಹೆಬ್ರಾ ಎರಡನ್ನೂ ಸ್ಪಷ್ಟವಾಗಿ ಬೇರ್ಪಡಿಸಿದ. ಇಂದು ಅನುಮಾನವಿದ್ದರೆ ಒಂದು ಸ್ಲೈಡ್ ಎರಡರ ನಡುವೆ ಗೆರೆ ಎಳೆದು ತೋರಿಸಬಲ್ಲದು.

ಈಗ ಲೈಕನ್ ಪ್ಲಾನಸ್‌ನ ಸ್ಲೈಡ್ ಇಡಿ. ಇಲ್ಲಿ ಧಾವಂತವಿಲ್ಲ, ಮುತ್ತಿಗೆಯಿದೆ! ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಪಟ್ಟಿಯಂತೆ ಒತ್ತಾಗಿ ಬಂದು ಹೊರಚರ್ಮದ ತಳಕ್ಕೆ ಅಪ್ಪಳಿಸಿವೆ. ತಳದ ಕೋಶಗಳು ಸತ್ತು ದುಂಡಗಿನ ಗುಲಾಬಿ ಉಂಡೆಗಳಾಗಿವೆ, ಹೊರಚರ್ಮದ ಕೆಳಅಂಚು ಗರಗಸದ ಹಲ್ಲಿನಂತಾಗಿದೆ. ಆ ಕೋಶಗಳಲ್ಲಿದ್ದ ಕಪ್ಪು ವರ್ಣಕ ಮೆಲನಿನ್ ಒಳಚರ್ಮಕ್ಕೆ ಸೋರಿ ಅಲ್ಲೇ ಸಿಕ್ಕಿಕೊಂಡಿದೆ. ಕಾಯಿಲೆ ವಾಸಿಯಾದ ಮೇಲೂ ನಮ್ಮಂಥ ಕಂದು ಮೈಬಣ್ಣದವರಲ್ಲಿ ತಿಂಗಳುಗಟ್ಟಲೆ ಕಪ್ಪು ಕಲೆ ಯಾಕೆ ಉಳಿಯುತ್ತದೆ ಎಂಬುದಕ್ಕೆ ಇದೇ ಉತ್ತರ!

ಪಿಟಿರಿಯಾಸಿಸ್ ರೋಸಿಯಾದಲ್ಲಿ ಇನ್ನೊಂದು ಅಚ್ಚರಿ. ರಕ್ತನಾಳದೊಳಗೆ ಇರಬೇಕಾದ ಕೆಂಪು ಕಣಗಳು ಹೊರಬಿದ್ದು, ಕೆಲವು ಹೊರಚರ್ಮಕ್ಕೂ ನುಸುಳಿರುತ್ತವೆ. ಮೇಲೆ ಹೊಟ್ಟಿನ ಸಣ್ಣ ಸಣ್ಣ ದಿಬ್ಬಗಳು. ಇನ್ನು ಹುಳುಕಡ್ಡಿ. ಮಾಮೂಲಿ ಬಣ್ಣದಲ್ಲಿ ಅದನ್ನು ತರುವ ಶಿಲೀಂಧ್ರ ಕಣ್ಣು ತಪ್ಪಿಸಿಕೊಳ್ಳಬಹುದು. ಪಿಎಎಸ್ ಎಂಬ ವಿಶೇಷ ಬಣ್ಣ ಹಾಕಿ ನೋಡಿ, ಹೊಟ್ಟಿನ ಪದರಗಳ ನಡುವೆ ಅಡಗಿದ್ದ ಎಳೆಗಳೆಲ್ಲ ಕಡು ಗುಲಾಬಿಯಾಗಿ ಎದ್ದು ನಿಲ್ಲುತ್ತವೆ! ಎರಡನೇ ಹಂತದ ಸಿಫಿಲಿಸ್ ಕೂಡ ಇದೇ ಹೊಟ್ಟಿನ ವೇಷದಲ್ಲಿ ಬರುವುದುಂಟು. ಸ್ಲೈಡಿನಲ್ಲಿ ಪ್ಲಾಸ್ಮಾ ಕೋಶಗಳೆಂಬ ರೋಗನಿರೋಧಕ ಕೋಶಗಳ ಹಿಂಡು ಕಂಡರೆ ಪೆಥಾಲಜಿಸ್ಟರು ಚುರುಕಾಗುತ್ತಾರೆ.

ಕೊನೆಯದು ಬೆಂಚಿನ ಐದನೆಯವರದು, ಉಸಿರು ಬಿಗಿಹಿಡಿಸುವಂಥದ್ದು: ಮೈಕೋಸಿಸ್ ಫಂಗಾಯ್ಡಿಸ್. ಫ್ರಾನ್ಸಿನ ಅಲಿಬೆರ್ 1806ರಲ್ಲಿ ವಿವರಿಸಿದ ಈ ರೋಗ ಹೆಸರು ಸೂಚಿಸುವಂತೆ ಶಿಲೀಂಧ್ರದ್ದಲ್ಲ, ಲಿಂಫೋಸೈಟ್‌ಗಳ ಕ್ಯಾನ್ಸರ್. ವರ್ಷಗಟ್ಟಲೆ ಇಸುಬಿನಂತೆ, ಸೋರಿಯಾಸಿಸ್‌ನಂತೆ ನಟಿಸುತ್ತ ಕೂರಬಲ್ಲದು. ಸ್ಲೈಡಿನಲ್ಲಿ ಮಾತ್ರ ಕಪ್ಪನೆಯ ನ್ಯೂಕ್ಲಿಯಸ್ಸಿನ ಲಿಂಫೋಸೈಟ್‌ಗಳು ಹೊರಚರ್ಮದ ತಳದಲ್ಲಿ ಒಂದರ ಪಕ್ಕ ಒಂದು ಸಾಲುಗಟ್ಟುತ್ತವೆ, ಮೇಲೇರಿ ಪುಟ್ಟ ಗೂಡುಗಳನ್ನೂ ಕಟ್ಟುತ್ತವೆ. ಶುರುವಿನಲ್ಲಿ ಇದೂ ಅಸ್ಪಷ್ಟ. ಅದಕ್ಕೇ ಕೆಲವರಿಗೆ ಮತ್ತೆ ಮತ್ತೆ ಬಯಾಪ್ಸಿ ಮಾಡಬೇಕಾಗುತ್ತದೆ.

ಇಷ್ಟೊಂದು ಸುಳಿವುಗಳ ನಡುವೆ ದಾರಿ ತಪ್ಪದಿರುವುದು ಹೇಗೆ? ಅಮೆರಿಕದ ಬರ್ನಾರ್ಡ್ ಆಕರ್‌ಮನ್ 1978ರ ತನ್ನ ಗ್ರಂಥದಲ್ಲಿ ಕೊಟ್ಟ ಸೂತ್ರ ಬೆರಗು ಹುಟ್ಟಿಸುವಷ್ಟು ಸರಳ: ಮೊದಲು ಅತಿ ಕಡಿಮೆ ಹಿಗ್ಗಿಸಿ ನೋಡಿ. ಒಂದೊಂದು ಕೋಶದ ಹಿಂದೆ ಓಡುವುದು ಆಮೇಲೆ. ಉರಿಯೂತ ಎಲ್ಲಿ ಹರಡಿದೆ, ಹೊರಚರ್ಮ ಹೇಗೆ ಬದಲಾಗಿದೆ ಎಂಬ ವಿನ್ಯಾಸ ಮೊದಲು. ರಂಗೋಲಿಯ ಚೆಂದ ಕಾಣಬೇಕಾದರೆ ಎರಡು ಹೆಜ್ಜೆ ಹಿಂದೆ ನಿಲ್ಲಬೇಕಲ್ಲ, ಹಾಗೆ!

ಆದರೂ ಸ್ಲೈಡ್ ಒಂಟಿಯಾಗಿ ಮಾತಾಡುವುದಿಲ್ಲ. ಮಚ್ಚೆ ಎಲ್ಲೆಲ್ಲಿದೆ, ಯಾವಾಗ ಶುರುವಾಯಿತು, ಏನು ಹಚ್ಚಿದ್ದೀರಿ ಎಂಬುದು ಪೆಥಾಲಜಿಸ್ಟರ ಕೈಸೇರಿದರೆ ಮಾತ್ರ ಉತ್ತರ ಗಟ್ಟಿಯಾಗುತ್ತದೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ಸ್ಟೀರಾಯ್ಡ್ ಮುಲಾಮು ಈ ಎಲ್ಲ ಗುರುತುಗಳನ್ನು ಕಲಸಿಬಿಡುತ್ತದೆ. ಹುಳುಕಡ್ಡಿಯ ಮೇಲೆ ಹಚ್ಚಿದರಂತೂ ಉರಿ ತಣಿದಂತೆ ಕಂಡು, ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. ನಮ್ಮ ದೇಶದಲ್ಲಿ ಚರ್ಮರೋಗ ತಜ್ಞರಿಗೆ ಇದು ದೊಡ್ಡ ತಲೆನೋವು.

ಹೊಟ್ಟೇಳುವ ಮಚ್ಚೆ ವಾರಗಟ್ಟಲೆ ಮಾಯದಿದ್ದರೆ ಟ್ಯೂಬು ಕೊಳ್ಳುವ ಮುಂಚೆ ವೈದ್ಯರಿಗೆ ತೋರಿಸಿ. ಈಗಾಗಲೇ ಏನಾದರೂ ಹಚ್ಚಿದ್ದರೆ ಮುಚ್ಚಿಡದೆ ಹೇಳಿ. ಬಯಾಪ್ಸಿ ಎಂದ ಕೂಡಲೇ ಕ್ಯಾನ್ಸರ್ ಎಂದು ಕಂಗಾಲಾಗಬೇಡಿ. ಬಹಳಷ್ಟು ಸಲ ಅದನ್ನು ಮಾಡುವುದು ಸರಿಯಾದ ಮದ್ದು ಯಾವುದೆಂದು ತಿಳಿಯುವುದಕ್ಕೆ.