ಹಳೆ ಕಂಪ್ಯೂಟರ್ ಸ್ಲೋ ಆಗಿದೆಯೇ? ಹೊಸ ಹಾರ್ಡ್ ಡಿಸ್ಕ್ ಕೊಳ್ಳುವ ಮುನ್ನ ಇವಿಷ್ಟನ್ನು ಪರೀಕ್ಷಿಸಿ

ಮನೆಯ ಹಳೆ ಕಂಪ್ಯೂಟರ್ ಆನ್ ಆಗಲು ಹತ್ತು ನಿಮಿಷ ತೆಗೆದುಕೊಳ್ಳುತ್ತಿದೆಯೇ? ಫೈಲ್ ಕಾಪಿ ಮಾಡಿದರೆ ಮುಗಿಯುವುದೇ ಇಲ್ಲವೇ? ಇಂಥ ಹೊತ್ತಲ್ಲಿ ಅನೇಕರು ಬೆಂಗಳೂರಿನ ಎಸ್‌.ಪಿ. ರಸ್ತೆಗೋ, ಊರಿನ ಅಂಗಡಿಗೋ ಹೋಗಿ ಹೊಸ ಡಿಸ್ಕ್ ತರುತ್ತಾರೆ. ಆದರೆ ತೊಂದರೆ ಡಿಸ್ಕ್‌ನಲ್ಲೇ ಇರಬೇಕೆಂದಿಲ್ಲ. ಕೇಬಲ್ ಅಥವಾ ಮದರ್‌ಬೋರ್ಡ್‌ನಲ್ಲಿರುವ ಕಂಟ್ರೋಲರ್‌ನಲ್ಲೂ ಇರಬಹುದು.

ಮೊದಲು ಬ್ಯಾಕಪ್
ಯಾವುದೇ ಪರೀಕ್ಷೆಗೆ ಮುನ್ನ ಫೋಟೋ, ದಾಖಲೆಗಳನ್ನು ಬೇರೆಡೆ ಕಾಪಿ ಮಾಡಿಕೊಳ್ಳಿ. ಡಿಸ್ಕ್ ಕೆಟ್ಟರೆ ಹೊಸದು ಸಿಗುತ್ತದೆ, ಫೋಟೋ ಸಿಗುವುದಿಲ್ಲ.

ದೋಷ ಡಿಸ್ಕ್‌ನದ್ದೋ, ಕೇಬಲ್‌ನದ್ದೋ?
ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಡಿಸ್ಕ್‌ನ ಆರೋಗ್ಯ ತೋರಿಸುತ್ತದೆ. 'ರೀಅಲೊಕೇಟೆಡ್ ಸೆಕ್ಟರ್' ಸಂಖ್ಯೆ ಏರುತ್ತಿದ್ದರೆ ಡಿಸ್ಕ್ ಬದಲಿಸುವ ಕಾಲ ಬಂದಿದೆ ಎಂದರ್ಥ. 'ಸಿಆರ್‌ಸಿ ಎರರ್' ಮಾತ್ರ ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ. ಹಳೆಯ ಎಣಿಕೆ ಅಳಿಯುವುದಿಲ್ಲ, ಮತ್ತೆ ಏರದಿದ್ದರೆ ಸಾಕು.

ವೇಗದ ಲೆಕ್ಕ
ಸಾಟಾ ಸಂಪರ್ಕದಲ್ಲಿ ಮೂರು ಪೀಳಿಗೆಗಳಿವೆ: ಸೆಕೆಂಡಿಗೆ 1.5, 3 ಮತ್ತು 6 ಗಿಗಾಬಿಟ್. ಅಂದರೆ ಗರಿಷ್ಠ ಸುಮಾರು 150, 300 ಮತ್ತು 600 ಮೆಗಾಬೈಟ್. ಹೊಸ ಡಿಸ್ಕ್ ಹಳೆ ಪೋರ್ಟ್‌ಗೆ ಹಾಕಿದರೆ ಸಾಮಾನ್ಯವಾಗಿ ತಾನೇ ವೇಗ ಇಳಿಸಿಕೊಂಡು ಕೆಲಸ ಮಾಡುತ್ತದೆ. ಆದರೆ ವಿಐಎ ಕಂಪನಿಯ ವಿಟಿ8237ನಂಥ ಕೆಲವು ಹಳೆ ಚಿಪ್‌ಗಳು 3 ಗಿಗಾಬಿಟ್ ಡಿಸ್ಕನ್ನು ಗುರುತಿಸುವುದೇ ಇಲ್ಲ. ಆಗ ಡಿಸ್ಕ್‌ನ ಹಿಂಬದಿಯಲ್ಲಿ ಜಂಪರ್ ಸೌಲಭ್ಯವಿದ್ದರೆ, ಅದನ್ನು ಬಳಸಿ ವೇಗವನ್ನು 1.5ಕ್ಕೆ ಮಿತಿಗೊಳಿಸಬೇಕು.

ಅಗಲ ಕೇಬಲ್‌ನ ಐಡಿಇ ಡಿಸ್ಕ್ ಇದ್ದರೆ
ಇದರಲ್ಲಿ 80 ತಂತಿಯ ಕೇಬಲ್ ಬೇಕು. 40 ತಂತಿಯದಾದರೆ ವೇಗ 33 ಮೆಗಾಬೈಟ್ ದಾಟದು. ವಿಂಡೋಸ್ ಎಕ್ಸ್‌ಪಿ ಪದೇ ಪದೇ ದೋಷ ಕಂಡರೆ ಡಿಸ್ಕನ್ನು ನಿಧಾನಗತಿಯ 'ಪಿಐಒ' ಮೋಡ್‌ಗೆ ಇಳಿಸಿಬಿಡುತ್ತದೆ. ಕೇಬಲ್ ಸರಿಪಡಿಸಿ, ಡಿವೈಸ್ ಮ್ಯಾನೇಜರ್‌ನಲ್ಲಿ ಆ ಐಡಿಇ ಚಾನೆಲ್ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದರೆ ವೇಗ ಮರಳುತ್ತದೆ.

ಬಯೋಸ್‌ನಲ್ಲಿ ಎಚ್ಚರ
ಬಯೋಸ್‌ನಲ್ಲಿ ಐಡಿಇ ಮೋಡನ್ನು ಏಕಾಏಕಿ ಎಎಚ್‌ಸಿಐಗೆ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲಬಹುದು. ಗಾಬರಿ ಬೇಡ, ಹಳೆ ಮೋಡ್‌ಗೆ ಮರಳಿಸಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ. ವಿಂಡೋಸ್ 10ರಲ್ಲಾದರೆ ಮೊದಲು ಸೇಫ್ ಮೋಡ್ ಬೂಟ್ ಆಯ್ಕೆ ಮಾಡಿ, ನಂತರ ಬದಲಿಸಿ.

ಎಸ್‌ಎಸ್‌ಡಿ ಹಾಕಬಹುದೇ?
ಖಂಡಿತ. 3 ಗಿಗಾಬಿಟ್ ಪೋರ್ಟ್‌ನಲ್ಲೂ ಅದು ತಿರುಗುವ ಡಿಸ್ಕ್‌ಗಿಂತ ಬಹಳ ಚುರುಕು. ಏಕೆಂದರೆ ಚಿಕ್ಕ ಚಿಕ್ಕ ಫೈಲ್ ಹುಡುಕಲು ತಟ್ಟೆ ತಿರುಗುವವರೆಗೆ ಕಾಯಬೇಕಿಲ್ಲ. ಆದರೆ ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನೂ ಗಮನದಲ್ಲಿಟ್ಟುಕೊಂಡು ಖರ್ಚು ಮಾಡಿ.