ಅಜ್ಜಿಮನೆಯ ಲೆಕ್ಕ: ಖುಲಾಸೆ ಪತ್ರಕ್ಕೆ ಸಹಿ ಹಾಕುವ ಮೊದಲು

ಹೋದ ವರ್ಷ ಮೇ ತಿಂಗಳ ಒಂದು ರಾತ್ರಿ, ಇಲ್ಲಿ ಮೌಂಟನ್ ವ್ಯೂನಲ್ಲಿ ಮಕ್ಕಳು ಮಲಗಿದ ಮೇಲೆ, ಕುಂದಾಪುರದಿಂದ ಸಣ್ಣ ಮಾವ ವಾಟ್ಸಾಪ್‌ನಲ್ಲಿ ಒಂದು ಪಿಡಿಎಫ್ ಕಳಿಸಿದರು. ನಾಲ್ಕು ಪುಟದ ಹಕ್ಕು ಖುಲಾಸೆ ಪತ್ರ, ಅಂದರೆ ರಿಲೀಸ್ ಡೀಡ್. ಹಿಂದೆಯೇ ಫೋನ್ ಬಂತು. "ಒಂದ್ ಸಹಿ ಹಾಕಿ ಕಳ್ಸ್ ಮಾಣಿ, ಬಾಕಿದೆಲ್ಲ ನಾ ಕಾಣ್ತೆ."

ಮನೆಯ ಮಾಡು ಸೋರುತ್ತಿದೆ, ಬ್ಯಾಂಕಿನವರು ಜಾಗ ಒಂದೇ ಹೆಸರಿನಲ್ಲಿದ್ದರೆ ಮಾತ್ರ ಸಾಲ ಕೊಡುತ್ತಾರಂತೆ. ಮಾವ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಪತ್ರ ಓದಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನಾವೆಲ್ಲ ಹಕ್ಕು ಬಿಡುವುದು ಮಾವನ ಹೆಸರಿಗೆ. ಆ ಮನೆಯಲ್ಲಿ ಮೂವತ್ತು ವರ್ಷದಿಂದ ದೀಪ ಹಚ್ಚುತ್ತಿರುವ ಚಿಕ್ಕಮ್ಮನ ಹೆಸರು ಬಿಡುವವರ ಪಟ್ಟಿಯಲ್ಲಿತ್ತು, ಪಡೆಯುವವರ ಜಾಗದಲ್ಲಿ ಇರಲಿಲ್ಲ.

ಕಂಪನಿಗಳ ಇನ್ನೂರು ಪುಟದ ವರದಿ ಓದಿ ಸಂಬಳ ಪಡೆಯುವವನು ನಾನು. ನಮ್ಮದೇ ಮನೆಯ ಹಕ್ಕು ಹೇಗೆ ನಡೆಯುತ್ತದೆ ಎಂದು ಯಾವತ್ತೂ ನೋಡಿರಲಿಲ್ಲ.

ಇಲ್ಲಿ 'ಅಳಿಯ' ಮಗಳ ಗಂಡನಲ್ಲ

ಘಟ್ಟದ ಮೇಲಿನ ಓದುಗರಿಗಾಗಿ ಒಂದು ಮಾತು. ಕರಾವಳಿಯಲ್ಲಿ ಬಂಟರು, ಬಿಲ್ಲವರು ಮುಂತಾದವರಲ್ಲಿ ನಡೆದುಬಂದ ಅಳಿಯಸಂತಾನ ಅಥವಾ ಅಳಿಯಕಟ್ಟಿನಲ್ಲಿ ಅಳಿಯ ಅಂದರೆ ಅಕ್ಕತಂಗಿಯ ಮಗ. ಆಸ್ತಿ ಇಳಿಯುವುದು ತಾಯಿಯ ಕಡೆಯಿಂದ. ಈ ಕಟ್ಟು ಮಾಡಿದವನು ಭೂತಾಳ ಪಾಂಡ್ಯ ಎಂಬುದು ಐತಿಹ್ಯ. ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು ಸೇರಿದರೆ ಒಂದು ಕವರು. ಕವರುಗಳು ಸೇರಿ ಕುಟುಂಬ. ಹಿರಿಯನು ಯಜಮಾನ. ಅವನದು ಆಡಳಿತ ಮಾತ್ರ, ಒಡೆತನವಲ್ಲ. ನಾನು ಆ ಕುಟುಂಬದ ಸದಸ್ಯ. ನನ್ನ ಮಕ್ಕಳು ಅಲ್ಲ.

ಹಣಕಾಸಿನ ಭಾಷೆಯಲ್ಲಿ ಹೇಳಿದರೆ ಇದು ಮಾರಲಾಗದ ಒಂದು ಟ್ರಸ್ಟ್. ಗಂಡ ಸತ್ತವಳು, ಗಂಡನ ಮನೆಯಲ್ಲಿ ಬಾಳಲಾಗದೆ ಬಂದವಳು, ಯಾರೇ ಆದರೂ ಹೊಸಿಲು ದಾಟಿ ಒಳಗೆ ಬರಬಹುದಿತ್ತು. ನಮ್ಮ ಚಿಕ್ಕಮ್ಮ ಬಂದದ್ದೂ ಹಾಗೆಯೇ, ಮೂರು ಮಕ್ಕಳನ್ನು ಕಟ್ಟಿಕೊಂಡು.

1949 ಮತ್ತು 1956

ಹಳೆಯ ಕಟ್ಟಿನಲ್ಲಿ ಒಬ್ಬ ಸದಸ್ಯ ಹಟ ಹಿಡಿದು ಪಾಲು ಕೇಳುವಂತಿರಲಿಲ್ಲ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ ಬಂದ 1949ರ ಅಳಿಯಸಂತಾನ ಕಾಯ್ದೆ ಕವರುಗಳಿಗೆ ಪಾಲು ಕೇಳುವ ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಇನ್ನೂ ಮುಂದೆ ಹೋಯಿತು. ಅದರ 7(2)ನೇ ಕಲಮಿನ ಪ್ರಕಾರ, ಸದಸ್ಯನೊಬ್ಬ ತೀರಿಕೊಂಡರೆ, ಸಾಯುವ ಮುನ್ನಾ ಕ್ಷಣ ತಲೆಲೆಕ್ಕದಲ್ಲಿ ಪಾಲಾಗಿತ್ತು ಎಂದು ಭಾವಿಸಿ ಅವನ ಪಾಲನ್ನು ಅವನ ವಾರಸುದಾರರಿಗೆ ಕೊಡಬೇಕು. ಅಳಿಯನಿಗಲ್ಲ, ಹೆಂಡತಿ ಮಕ್ಕಳಿಗೆ, ತಾಯಿ ಬದುಕಿದ್ದರೆ ಅವಳಿಗೂ.

ಗಡಿಯಾಚೆ ಕಾಸರಗೋಡಿನಲ್ಲಿ ಇದು ಬೇರೆಯೇ ಆಯಿತು. ಕೇರಳದ ಅವಿಭಕ್ತ ಕುಟುಂಬ ರದ್ದತಿ ಕಾಯ್ದೆ 1976ರ ಡಿಸೆಂಬರ್ 1ರಿಂದ ಜಾರಿಗೆ ಬಂದು, ಕುಟುಂಬದ ಆಸ್ತಿ ಸದಸ್ಯರ ಬಿಡಿ ಪಾಲುಗಳಾದವು. ನಮ್ಮ ಕಡೆ ಪಾಲಾಗುವುದು ಒಂದೊಂದು ಸಾವಿಗೆ ಒಂದೊಂದು ಚೂರು.

ನಮ್ಮ ಮನೆಯ ಲೆಕ್ಕ

ಲೆಕ್ಕ ಸರಳವಾಗಲೆಂದು ಆಮೇಲಿನ ಹುಟ್ಟುಗಳನ್ನು, ಕೆಲವು ಸಾವುಗಳನ್ನು ಬಿಟ್ಟಿದ್ದೇನೆ.

ಅಜ್ಜಿ ತೀರಿಕೊಂಡಾಗ ಅವರೂ ಸೇರಿ ಕುಟುಂಬದಲ್ಲಿ 12 ಮಂದಿ. ಅಜ್ಜಿಯ ಪಾಲು 1/12. ಅದು ನಾಲ್ವರು ಮಕ್ಕಳಿಗೆ, ತಲಾ 1/48.

ನಂತರ ದೊಡ್ಡ ಮಾವ ಹೋದರು. ಅವರದು ಕುಟುಂಬದಲ್ಲಿ 1/12, ಅಜ್ಜಿಯಿಂದ ಬಂದ 1/48, ಒಟ್ಟು 5/48. ಅದು ಮುಂಬಯಿಯಲ್ಲಿರುವ ಅತ್ತೆ ಮತ್ತು ಇಬ್ಬರು ಮಕ್ಕಳಿಗೆ, ತಲಾ 5/144. ಆ ಮೂವರ ಸಹಿ ಇಲ್ಲದೆ ಇವತ್ತು ಏನೂ ನಡೆಯುವುದಿಲ್ಲ.

ನಾನು ನಾಳೆ ಸತ್ತರೆ ಮತ್ತೊಂದು 1/12ರಲ್ಲಿ ಅಮ್ಮನ ಪಾಲು ಬಿಟ್ಟು ಉಳಿದದ್ದು ಮೌಂಟನ್ ವ್ಯೂಗೆ ಬರುತ್ತದೆ, ಕನ್ನಡ ಓದಲು ಬಾರದ ನನ್ನ ಮಕ್ಕಳ ಹೆಸರಿಗೆ.

ಈ ತಲೆಲೆಕ್ಕ ಸಾವಿನದು. ಬದುಕಿದ್ದಾಗ ಪಾಲು ಮಾಡಿಕೊಂಡರೆ 1949ರ ಕಾಯ್ದೆಯ ಕವರು ಲೆಕ್ಕ ಬರುತ್ತದೆ, ಅಂಕಿ ಬದಲಾಗಬಹುದು. ಅದಕ್ಕೆ ಊರಿನ ವಕೀಲರೇ ಬೇಕು.

ಈಗ ಮಾವನ ಪತ್ರಕ್ಕೆ ಬನ್ನಿ. ಎಲ್ಲರೂ ಸಹಿ ಹಾಕಿದರೆ ಯಜಮಾನನಾಗಿದ್ದ ಮಾವ ಮಾಲೀಕರಾಗುತ್ತಾರೆ. ಅವರ ನಂತರ ಮನೆ ಅವರ ಹೆಂಡತಿ ಮಕ್ಕಳಿಗೆ. ಮಾವ ಇರುವಷ್ಟು ದಿನ ಚಿಕ್ಕಮ್ಮನಿಗೆ ತೊಂದರೆ ಇಲ್ಲ. ಆಮೇಲೆ ಅವರು ತಾವು ಹುಟ್ಟಿದ ಮನೆಯಲ್ಲೇ ನೆಂಟರು.

ಸಹಿಗೆ ಮೊದಲು ನೋಡಬೇಕಾದದ್ದು

ಒಂದು: ಕೃಷಿ ಜಮೀನು ಬಿಟ್ಟರೆ ಮರಳಿ ಪಡೆಯುವುದು ಕಷ್ಟ. ಫೆಮಾ ನಿಯಮದಂತೆ ಎನ್‌ಆರ್‌ಐ ಅಥವಾ ಒಸಿಐ ಆದವರು ಕೃಷಿ ಜಮೀನನ್ನು ವಾರಸಾಗಿ ಪಡೆಯಬಹುದು, ಕೊಳ್ಳುವಂತಿಲ್ಲ.

ಎರಡು: ಪುಕ್ಕಟೆ ಹಕ್ಕು ಬಿಡುವುದೆಂದರೆ ಅಮೆರಿಕದ ಕಣ್ಣಿನಲ್ಲಿ ಅದು ಗಿಫ್ಟ್. ನೀವು ಇಲ್ಲಿನ ನಾಗರಿಕರಾಗಿದ್ದರೆ ಅಥವಾ ಇಲ್ಲೇ ನೆಲೆಸಿದ್ದರೆ, 2025ರಲ್ಲಿ ಒಬ್ಬರಿಗೆ ಕೊಟ್ಟದ್ದರ ಬೆಲೆ 19,000 ಡಾಲರ್ ದಾಟಿದರೆ ಫಾರ್ಮ್ 709 ಸಲ್ಲಿಸಬೇಕು. ತೆರಿಗೆ ಬೀಳುವುದು ಅಪರೂಪ, ಆದರೆ ಫಾರ್ಮ್ ತಪ್ಪಿಸಬೇಡಿ.

ಮೂರು: ಇಲ್ಲಿಂದ ಮುಖ್ತಿಯಾರ್ ಪತ್ರ ಕಳಿಸುವುದಾದರೆ ಯಾವ ಕೆಲಸಕ್ಕೆ, ಯಾವ ಸರ್ವೆ ನಂಬರಿಗೆ ಎಂದು ಬರೆದು ಅಷ್ಟಕ್ಕೇ ಕೊಡಿ. ಅದು ಕರ್ನಾಟಕ ತಲುಪಿದ ಮೂರು ತಿಂಗಳೊಳಗೆ ಅಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು.

ನಾಲ್ಕು: ಅಮ್ಮಂದಿರ ಉಯಿಲು. ಅವಿಭಜಿತ ಪಾಲನ್ನೂ ಉಯಿಲಿನಲ್ಲಿ ಬರೆಯಬಹುದೆಂದು 1956ರ ಕಾಯ್ದೆಯ 30ನೇ ಕಲಮು ಹೇಳುತ್ತದೆ. ಇನ್ನೊಂದು ಸಂಗತಿ ಹಲವರಿಗೆ ಗೊತ್ತಿಲ್ಲ. ಅಳಿಯಸಂತಾನದ ಹೆಂಗಸು ಉಯಿಲಿಲ್ಲದೆ ತೀರಿಕೊಂಡರೆ 17ನೇ ಕಲಮಿನಂತೆ ಮೊದಲ ಹಕ್ಕು ಮಕ್ಕಳಿಗೆ ಮತ್ತು ಅವಳ ತಾಯಿಗೆ. ಗಂಡನ ಸರದಿ ಆಮೇಲೆ.

ಸುಮಾತ್ರಾದ ನಾಲ್ಕು ಕಾರಣ

ತಾಯಿಯ ಕಡೆಯ ಆಸ್ತಿಯನ್ನು ಇವತ್ತಿಗೂ ಹಿಡಿದಿಟ್ಟುಕೊಂಡವರು ಬೇರೆ ಎಲ್ಲಿದ್ದಾರೆ ಎಂದು ಹುಡುಕಿದಾಗ ಸಿಕ್ಕವರು ಇಂಡೋನೇಷ್ಯಾದ ಪಶ್ಚಿಮ ಸುಮಾತ್ರಾದ ಮಿನಾಂಗ್‌ಕಬಾವ್ ಜನ. ಮುಸ್ಲಿಮರು. ದುಡಿದು ಗಳಿಸಿದ್ದು ಮಕ್ಕಳಿಗೆ ಹೋಗುತ್ತದೆ, ಹಿರಿಯರ ಗದ್ದೆ ಮನೆ ಹೆಣ್ಣಿನ ಸಾಲಿನಲ್ಲೇ ಇಳಿಯುತ್ತದೆ. ನೋಡಿಕೊಳ್ಳುವವನು ಅಲ್ಲಿಯೂ ಸೋದರಮಾವ. ಗಂಡಸರು ದುಡಿಮೆಗೆ ಊರು ಬಿಡುವುದು ಅಲ್ಲಿ ಪದ್ಧತಿಯೇ, ಅದಕ್ಕೆ 'ಮರಂತಾವ್' ಎನ್ನುತ್ತಾರೆ. ಹೋಟೆಲ್ ಕೆಲಸಕ್ಕೆ ಮುಂಬಯಿಗೆ ಹೋದ ನಮ್ಮ ಮಾವಂದಿರು, ಇಲ್ಲಿಗೆ ಬಂದ ನಾನು, ಎಲ್ಲ ಅದೇ ಜಾತಿ.

ಅವರ ಕಟ್ಟಿನಂತೆ ಹಿರಿಯರ ಗದ್ದೆಯನ್ನು ಮಾರುವಂತಿಲ್ಲ. ಅಡವಿಡಲು ನಾಲ್ಕೇ ಕಾರಣ: ಮದುವೆಯಾಗದೆ ಉಳಿದ ಮಗಳು, ಮನೆಯೊಳಗಿನ ಹೆಣ, ಕುಲದ ಮುಖಂಡನ ಪಟ್ಟ, ಮತ್ತು ಸೋರುವ ಮನೆ.

ಸೋರುವ ಮನೆ ಎಂಬಲ್ಲಿಗೆ ಬಂದಾಗ ಮಾವನ ನೆನಪಾಯಿತು. ಅವರ ಕಾರಣ ಸರಿಯಾಗಿಯೇ ಇತ್ತು. ಮಾಡು ರಿಪೇರಿಗೆ ಬೇಕಾದದ್ದು ದುಡ್ಡು, ನಮ್ಮ ಹಕ್ಕಲ್ಲ.

ಏನಾಯಿತು

ಸಹಿ ಹಾಕಲಿಲ್ಲ. ಅಕ್ಕ, ನಾನು, ಮುಂಬಯಿಯವರು ಸೇರಿ 4,20,000 ರೂಪಾಯಿ ಕಳಿಸಿದೆವು. ಮನೆ ಮತ್ತು ಅಂಗಳ ಚಿಕ್ಕಮ್ಮನ ಕವರಿಗೆ, ಗದ್ದೆ ತೋಟ ಉಳಿದವರಿಗೆ ಎಂದು ಪಾಲುಪಟ್ಟಿ ಮಾಡೋಣ, ಗದ್ದೆಯಲ್ಲಿ ಮಾವನಿಗೆ ಒಂದು ತೂಕ ಹೆಚ್ಚೇ ಇರಲಿ ಎಂದೆ. ಇಷ್ಟು ವರ್ಷ ತೀರ್ವೆ ಕಟ್ಟಿ, ಬೇಲಿ ಹಾಕಿ, ದೈವದ ಕೋಲ ನಡೆಸಿದವರು ಅವರೇ.

ಮಾವನಿಗೆ ನೋವಾಯಿತು. "ಅಮೆರಿಕಕ್ಕೆ ಹೋದವನಿಗೆ ಈಗ ಗದ್ದೆ ಆಸೆ" ಎಂದು ಅಮ್ಮನ ಹತ್ತಿರ ಹೇಳಿದರಂತೆ. ಎರಡು ತಿಂಗಳು ನನ್ನ ಫೋನ್ ಎತ್ತಲಿಲ್ಲ. ಗಣೇಶ ಚೌತಿಗೆ ಅವರೇ ಕರೆ ಮಾಡಿದರು. ಪಾಲುಪಟ್ಟಿಯ ಮಾತೆತ್ತಲಿಲ್ಲ, ಹಂಚು ಎಷ್ಟು ಬಂತು, ಪಕಾಸಿಗೆ ಯಾವ ಮರ ಹಾಕಿಸಿದರು ಎಂದಷ್ಟೇ ಹೇಳಿದರು.

ಕರಡು ಈಗ ವಕೀಲರ ಮೇಜಿನ ಮೇಲಿದೆ. ಮುಂಬಯಿ ಅತ್ತೆಯ ಒಪ್ಪಿಗೆ ಬಾಕಿ. ಡಿಸೆಂಬರಿನಲ್ಲಿ ಎರಡು ವಾರ ಊರಿಗೆ ಹೋಗುತ್ತಿದ್ದೇನೆ. ಈ ಮಾತನ್ನು ವಾಟ್ಸಾಪ್‌ನಲ್ಲಿ ಆಡುವ ಬದಲು ಮಾವನ ಎದುರು ಕೂತು ಆಡಬೇಕಿತ್ತು. ಆ ತಪ್ಪು ನನ್ನದು.